ಕಲ್ಲಸಾಸಿವೆಯ ಬುಡ

ಗಡಹಿಂಗ್ಲಜದಲ್ಲಿ ಬಸ್ಸಿಳಿದ ಪಾರೀಸ ಚಹಾದಂಗಡಿಯ ಕಡೆ ತಿರುಗಿಯೂ ನೋಡದೆ ಊರ ಹೊರಗಿನ ದಿಣ್ಣೆಯ ದಾರಿ ಹಿಡಿದ. ಗಂಟೆ ಹತ್ತೂವರೆಯಾಗಿತ್ತು. ಹೆಗಲಿಗೆ ಗೋಣಿಚೀಲ, ಬಗಲಲ್ಲಿ ಗಿಡ ಒತ್ತುವ ಹಲಗೆಗಳ ಜೋಡಿ, ಅಂಗಿಯ ಕಿಸೆಯಲ್ಲಿ ದಾದಾಸಾಹೇಬ ಸರ್ ಕೊಟ್ಟ ಭೂತಗನ್ನಡಿ ಮತ್ತು ಪುಣೆಯಿಂದ ಬಂದ ಪತ್ರ. ಪತ್ರವನ್ನು ಬಸ್ಸಿನಲ್ಲಿ ನಾಲ್ಕು ಸಲ ತೆಗೆದು ನೋಡಿದ್ದ. ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೇ. ಆದರೆ ಸರ್ ಬಿಡಿಸಿ ಹೇಳಿದ್ದರಿಂದ ಯಾವ ಸಾಲಿನಲ್ಲಿ ಏನಿದೆ ಎಂಬುದು ಬಾಯಿಪಾಠವಾಗಿತ್ತು.

ಸುಳಕೂಡದ ಜೈನ ಒಕ್ಕಲು ಮನೆತನದ ಪಾರೀಸ ಮೂರು ವರ್ಷದಿಂದ ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಗಿಡ ಕೂಡಿಸುವ ಕೆಲಸಕ್ಕಿದ್ದ. ಕೆಲಸ ಹಂಗಾಮಿ. ಸಸ್ಯಶಾಸ್ತ್ರ ಕಲಿಸುವ ದಾದಾಸಾಹೇಬರಿಗೆ ಉಬ್ಬಸ, ದಿಣ್ಣೆ ಹತ್ತಲಾಗುತ್ತಿರಲಿಲ್ಲ. ಹೀಗಾಗಿ ಕಾಲು ಪಾರೀಸನದು, ಬರಹ ಅವರದು. ಬಂಡೆಯ ಬಿರುಕುಗಳಲ್ಲಿ ಮಳೆಗಾಲಕ್ಕೆ ಹುಟ್ಟಿ ದೀಪಾವಳಿಗೆ ಒಣಗುವ, ಗೇಣುದ್ದದ, ಬಿಳಿ ಹೂವಿನ ಕಲ್ಲಸಾಸಿವೆ ಒಂದೇ ಜಾತಿ ಎಂದು ಎಲ್ಲರೂ ತಿಳಿದಿದ್ದರು. ಮೊದಲ ವರ್ಷವೇ ಪಾರೀಸ, "ಸರ್, ಇದು ಒಂದಲ್ಲರಿ, ಮೂರು" ಎಂದಿದ್ದ. ಒಂದರ ಕಾಯಿ ನೆಟ್ಟಗೆ ಮೇಲೆ ನೋಡುತ್ತಿತ್ತು. ಇನ್ನೊಂದರದು ಪಕ್ಕಕ್ಕೆ ಚಾಚಿರುತ್ತಿತ್ತು. ಮತ್ತೊಂದರದು ಕೆಳಗೆ ಬಾಗಿರುತ್ತಿತ್ತು. ಮೂರೂ ಒಟ್ಟಿಗೆ ಸಿಗುವ ಜಾಗ ಈ ದಿಣ್ಣೆಯ ಹಾಸುಬಂಡೆ ಒಂದೇ. ಸರ್ ಮೂರಕ್ಕೂ ಹೆಸರಿಟ್ಟು ಲೇಖನ ಬರೆದು, ಪಾರೀಸನ ಹೆಸರನ್ನೂ ಕೊನೆಯಲ್ಲಿ ಸೇರಿಸಿ, ಪುಣೆಯ ಒಬ್ಬ ಹಿರಿಯ ಸಸ್ಯಪಂಡಿತರಿಗೆ ಕಳಿಸಿದ್ದರು. ಅವರು ಒಪ್ಪಿದರೆ ಪಾರೀಸನ ಕೆಲಸ ಕಾಯಂ ಆಗುವುದೆಂದು ಪ್ರಾಚಾರ್ಯರು ಬಾಯಿಬಿಟ್ಟು ಹೇಳಿದ್ದರು. ಒಪ್ಪದಿದ್ದರೆ ದೀಪಾವಳಿಯ ರಜೆಗೆ ಕೆಲಸ ಮುಗಿಯಿತು. ಇಚಲಕರಂಜಿಯಲ್ಲಿ ಹೆಂಡತಿ ಮಂಗಲಳ ಅಣ್ಣಂದಿರ ಮಗ್ಗದ ಕಾರಖಾನೆಯಲ್ಲಿ ಅವನಿಗಾಗಿ ಒಂದು ಜಾಗ ಕಾದಿತ್ತು. ಮಗ್ಗದ ಸದ್ದಿನಲ್ಲಿ ಅರ್ಧ ದಿನ ಕುಳಿತರೆ ಅವನಿಗೆ ತಲೆ ತಿರುಗುತ್ತಿತ್ತು.

ಪುಣೆಯ ಪತ್ರದಲ್ಲಿ ಇದ್ದದ್ದು ಇಷ್ಟು: ಒಣಗಿದ ಕಾಯಿಯ ನಿಲುವನ್ನು ನಾನು ನಂಬುವುದಿಲ್ಲ. ಈ ಕುಲದಲ್ಲಿ ಜಾತಿ ಬೇರೆ ಮಾಡುವುದು ಬುಡದ ಎಲೆಯ ಮೇಲಿನ ರೋಮ ನೋಡಿ. ಕವಲೊಡೆದಿದೆಯೋ, ನಕ್ಷತ್ರದಂತಿದೆಯೋ ಎಂದು. ಗಿಡ ಒತ್ತಿ ಅಂಟಿಸಿ ನೀವು ಕಳಿಸಿದ ನಲವತ್ತು ಹಾಳೆಗಳಲ್ಲಿ ಒಂದರಲ್ಲೂ ಬುಡವಿಲ್ಲ, ಬೇರಿಲ್ಲ. ಬಿಡಿ ಎಲೆ ಕಳಿಸಬೇಡಿ, ಅದು ಯಾವ ಗಿಡದ್ದೂ ಆಗಬಹುದು. ದೀಪಾವಳಿಯೊಳಗೆ ಇಡೀ ಗಿಡ ಬರದಿದ್ದರೆ ಮೂರನ್ನೂ ಒಂದೆಂದೇ ಬರೆಯುತ್ತೇನೆ.

ಬುಡ ಇಲ್ಲದಿರುವುದಕ್ಕೆ ಕಾರಣ ಪಾರೀಸನಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ, ಆಷಾಢದಲ್ಲಿ ಊರಿಗೆ ಮುನಿ ಮಹಾರಾಜರು ಬಂದಾಗ, ತಾಯಿ ಚಂಪಾಬಾಯಿ ಅವನನ್ನು ಎದುರಿಗೆ ಕೂಡಿಸಿ ನೇಮ ಹಿಡಿಸಿದ್ದಳು. ಚಾತುರ್ಮಾಸದಲ್ಲಿ, ದೀಪಾವಳಿಯ ತನಕ, ಹಸಿ ಗಿಡವನ್ನು ಬೇರು ಸಹಿತ ಕೀಳುವುದಿಲ್ಲ. ಕಲ್ಲಸಾಸಿವೆ ಬದುಕುವುದೇ ಆ ನಾಲ್ಕು ತಿಂಗಳು. ಪ್ರತಿ ಗಿಡವನ್ನೂ ಅವನು ನೆಲದಿಂದ ಎರಡು ಬೆರಳು ಬಿಟ್ಟು ಚಾಕುವಿನಿಂದ ಕೊಯ್ದಿದ್ದ.

ಸರ್ ಪತ್ರ ಓದಿ, ಮಡಚಿ ಅವನ ಕೈಗಿಟ್ಟು, "ಹೆಂಗ ತರತೀಯೋ ನನಗ ಗೊತ್ತಿಲ್ಲ. ಇಡೀ ಗಿಡ ಬೇಕು" ಎಂದಷ್ಟೇ ಹೇಳಿದ್ದರು.

ದಿಣ್ಣೆಯ ನೆತ್ತಿಗೆ ಬಂದವನು ಗಕ್ಕನೆ ನಿಂತ. ಹೋದ ತಿಂಗಳು ಬಂಡೆಯ ಒಂದು ಮಗ್ಗುಲಲ್ಲಿ ಮಾತ್ರ ಜಲ್ಲಿಗಾಗಿ ಖಡಿ ಒಡೆಯುತ್ತಿದ್ದರು. ಈಗ ಕಲ್ಲಿನ ಕಣಿ ಬಂಡೆಯ ನಡುವಿನವರೆಗೆ ಬಂದಿತ್ತು. ಉಳಿದ ಭಾಗದಲ್ಲಿ ಸಾಲಾಗಿ ತೂತು ಕೊರೆದು, ಬತ್ತಿಯಿಟ್ಟು ಮಣ್ಣು ಮೆತ್ತಿದ್ದರು. ಅಂಚಿನಲ್ಲಿ ಕೆಂಪು ಬಟ್ಟೆಯ ಕೋಲು ನೆಟ್ಟಿತ್ತು. ಆಳುಗಳ ಮುಕಾದಮ ತಾನಾಜಿ ಶಿಳ್ಳೆಯನ್ನು ಕೊರಳಿಗೆ ಹಾಕಿಕೊಂಡು ನೆರಳಲ್ಲಿ ಕುಳಿತಿದ್ದ.

"ಸುರಂಗ ಹಾರಸೂದು ಯಾವಾಗ್ರಿ?"

"ದೋನ ವಾಜತಾ," ಎಂದು ಎರಡು ಬೆರಳು ತೋರಿಸಿದ ತಾನಾಜಿ, ಅವನ ಹಲಗೆ ನೋಡಿ ಗುರುತು ಹಿಡಿದು ಮುರುಕು ಕನ್ನಡಕ್ಕೆ ಇಳಿದ. "ಹುಲ್ಲಿನ ಮಾಸ್ತರ, ಜಲದಿ ಮಾಡ್ರಿ. ಒಂದೂವರಿಗೆ ಶಿಳ್ಳಿ. ಆಮ್ಯಾಲ ಯಾರೂ ಇಲ್ಲಿ ಇರಬಾರದು. ನಾ ಜಬಾಬದಾರ ಅಲ್ಲ."

ಕಣಿಯಲ್ಲಿ ಖಡಿ ಒಡೆಯುತ್ತಿದ್ದ ದುರ್ಗವ್ವ ಸುತ್ತಿಗೆ ನಿಲ್ಲಿಸಿ ತಲೆಯೆತ್ತಿದಳು. ಅವಳು ವಿಜಾಪುರದ ಕಡೆಯವಳು, ಐವತ್ತರ ಹತ್ತಿರದವಳು. ಗಂಡ ಯಮನಪ್ಪ ಹಾರೆ ಹಿಡಿದು ಚಪ್ಪಡಿ ಎಬ್ಬಿಸುವವನು. ಮೂರು ವರ್ಷದಿಂದ ಪಾರೀಸ ಬಂದಾಗೆಲ್ಲ ಅವಳಿಗೊಂದು ತಮಾಷೆ.

"ಬಂದ ನೋಡ, ಕಲ್ಲಿನ ಕ್ಷೌರಿಕ," ಎಂದು ಗಂಡನಿಗೆ ಹೇಳಿದಳು. "ಇವತ್ತರ ಬುಡಸಹಿತ ಕೀಳತೀಯೋ, ಬರೇ ತಲೀ ಬೋಳಸತೀಯೋ?"

"ಬುಡಾ ಬೇಕಾಗೇತಿ ಅಕ್ಕಾ. ಆದರ ಕೀಳಂಗಿಲ್ಲ."

"ಯಾಕಂತ?"

ಪಾರೀಸ ನೇಮದ ಸಂಗತಿ ಹೇಳಿದ. ದುರ್ಗವ್ವ ಸೆರಗಿನಿಂದ ಮುಖದ ಪುಡಿ ಒರೆಸಿಕೊಂಡಳು.

"ಕುತ್ತಿಗಿ ಕೊಯ್ದರ ನಡೀತೈತಿ, ಕಾಲು ಕಿತ್ತರ ಪಾಪ. ಚಲೋ ಐತಿ ನಿಮ್ಮ ದೇವರು."

"ಬುಡಾ ಉಳದರ ಮತ್ತ ಚಿಗೀತೈತಿ ಅಕ್ಕಾ."

"ನಿಮ್ಮ ಹೊಲದಾಗ ಕಳೇವು ತಾವ ಎದ್ದು ಹೋಗತಾವೇನ? ಆಳು ಹಚ್ಚಿ ಕೀಳಸತೀರಿ. ತಾ, ನಾ ಕಿತ್ತ ಕೊಡತೀನಿ. ಪಾಪ ಬಂದರ ನನಗ ಬರಲಿ. ನನ್ನ ಗಂಟಿನ್ಯಾಗ ಅದೊಂದು ಭಾರ ಆಗೂದಿಲ್ಲ."

ಅವಳು ಹಾಗೆ ಬಗ್ಗಿಯೂ ಬಿಟ್ಟಳು. ಬೆರಳು ಗಿಡದ ಬುಡ ಮುಟ್ಟಿತ್ತು. ಪಾರೀಸ ಅವಳ ಮಣಿಕಟ್ಟು ಹಿಡಿದ. ಹಿಡಿದದ್ದಕ್ಕೆ ತಾನೇ ನಾಚಿ ಕೈ ಬಿಟ್ಟ.

"ಬ್ಯಾಡ ಅಕ್ಕಾ. ಮಾಡೂದು, ಮಾಡಸೂದು, ಮಾಡಿದವರಿಗೆ ಹೂಂ ಅನ್ನೂದು, ಮೂರೂ ಒಂದs."

"ಎರಡಕ್ಕ ಇವೆಲ್ಲಾ ಹಾರಿ ಹೋಗತಾವಲ್ಲೋ ತಮ್ಮಾ. ನೀ ಕಿತ್ತರೇನು, ಸುರಂಗ ಕಿತ್ತರೇನು?"

"ಸುರಂಗ ನನ್ನ ಕೈ ಅಲ್ಲಲ್ಲ," ಎಂದ. ಹೇಳಿದ ಮೇಲೆ ಆ ಮಾತು ತನಗೇ ಸಪ್ಪೆಯೆನಿಸಿತು. ಬಿಸಿಲು ಏರುತ್ತಿತ್ತು. ಏನು ಮಾಡುವುದೆಂದು ತೋಚದೆ ಮೊದಲು ಬುಡವನ್ನು ಇದ್ದಲ್ಲೇ ನೋಡೋಣವೆಂದು ಬಂಡೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿದ.

ಮೂರು ವರ್ಷದಲ್ಲಿ ಅವನು ಅಷ್ಟು ಕೆಳಗೆ ಎಂದೂ ಬಗ್ಗಿರಲಿಲ್ಲ. ಕೊಯ್ಯುವ ಕೈ ಎರಡು ಬೆರಳು ಮೇಲೆಯೇ ನಿಲ್ಲುತ್ತಿತ್ತು. ಕಣ್ಣೂ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಗಲ್ಲ ಕಲ್ಲಿಗೆ ತಾಗುವಂತೆ ಮಲಗಿ ನೋಡಿದರೆ, ಕಾಂಡದ ಬುಡಕ್ಕೆ ಸುತ್ತಲೂ ಪುಟ್ಟ ಎಲೆಗಳು ಕಲ್ಲಿಗೆ ಅಂಟಿದ ಹಾಗೆ ಹರಡಿದ್ದವು. ನೆಟ್ಟ ಕಾಯಿಯ ಗಿಡದ ಬುಡಕ್ಕೆ ಭೂತಗನ್ನಡಿ ಹಿಡಿದ. ಎಲೆಯ ಮೇಲೆ ಬಿಳಿಯ ರೋಮ, ಪ್ರತಿಯೊಂದೂ ಕವಣೆಯ ಕೋಲಿನಂತೆ ಎರಡಾಗಿ ಕವಲೊಡೆದಿತ್ತು. ಚಾಚಿದ ಕಾಯಿಯ ಗಿಡಕ್ಕೆ ತೆವಳಿದ. ಅಲ್ಲಿ ರೋಮ ನಕ್ಷತ್ರದಂತೆ ಐದಾರು ಕಡೆಗೆ ಒಡೆದಿತ್ತು, ಎಲೆಯ ಅಡಿ ನೇರಳೆ ಬಣ್ಣ. ಬೇರೆ, ಖಂಡಿತ ಬೇರೆ. ಅವನಿಗೆ ಎದ್ದು ನಿಂತು ಕೂಗಬೇಕೆನಿಸಿತು.

ಬಾಗಿದ ಕಾಯಿಯ ಗಿಡದ ಬಳಿಗೆ ಬಂದ. ನಕ್ಷತ್ರ. ನೇರಳೆ.

ಗಾಜನ್ನು ಅಂಗಿಗೆ ಒರೆಸಿ ಮತ್ತೆ ನೋಡಿದ. ಪಕ್ಕದ ಗಿಡ ನೋಡಿದ, ಅದರ ಪಕ್ಕದ್ದು ನೋಡಿದ. ಬಾಗಿದ ಕಾಯಿಯ ಹತ್ತು ಗಿಡ, ಚಾಚಿದ ಕಾಯಿಯ ಹತ್ತು ಗಿಡ. ಒಂದು ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಿರುಕಿನ ನೆರಳಿನಲ್ಲಿ ಮಣ್ಣು ತೇವವಿದ್ದಲ್ಲಿ ಕಾಯಿ ಚಾಚಿತ್ತು. ಬಿಸಿಲಿಗೆ ಮಣ್ಣು ಆರಿದ್ದಲ್ಲಿ ಬಾಗಿತ್ತು. ಅಷ್ಟೇ. ಒಂದು ಗಿಡವಂತೂ ಅರ್ಧ ನೆರಳಿನಲ್ಲಿದ್ದು, ಕೆಳಗಿನ ಕಾಯಿ ಬಾಗಿಸಿ ಮೇಲಿನ ಕಾಯಿ ಚಾಚಿ ಅವನನ್ನು ಅಣಕಿಸುವ ಹಾಗೆ ನಿಂತಿತ್ತು.

ಮೂರಲ್ಲ, ಎರಡು.

ಅವನು ಎದ್ದು ಕುಳಿತ. ಮೂರು ಎಂದು ಬರೆದಾಗಿತ್ತು, ಅಚ್ಚಿಗೆ ಹೋಗುವ ಲೇಖನದಲ್ಲಿ ಮೂರು ಹೆಸರಿತ್ತು, ಪ್ರಾಚಾರ್ಯರ ಬಾಯಲ್ಲಿ ಮೂರು ಇತ್ತು. ಒಂದರಲ್ಲಿ ತಪ್ಪಿದ ಕಣ್ಣನ್ನು ಉಳಿದೆರಡಕ್ಕೆ ಯಾರು ನಂಬುತ್ತಾರೆ?

"ಏನಾತೋ? ಹಾವ ಕಂಡ್ಯೇನ?" ಎಂದಳು ದುರ್ಗವ್ವ.

"ಇಲ್ಲಕ್ಕಾ."

ಯಮನಪ್ಪ ಹಾರೆಯನ್ನು ಊರಿ ನಿಂತು, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, "ನಿನಗ ಗಿಡಾ ಬೇಕೋ, ಗಿಡದ ಬೇರ ಬಿಡಸೂದು ಬೇಕೋ?" ಎಂದ.

"ಗಿಡಾರಿ ಮಾಮಾ. ಇಡೀದು."

"ಹಂಗಾರ ಕಲ್ಲ ಒಯ್ಯಿ. ಇದು ಪದರಗಲ್ಲು. ಬಿರುಕಿನ ಆಚೀಚೆ ಚಾಣ ಹೊಡದು ಹಾರಿ ಹಾಕಿದರ ತಟ್ಟಿಯಷ್ಟಗಲ ಏಳತೈತಿ. ಅದರ ಮನಿ ಸಮೇತ ಒಯ್ದಿ ಅಂದ್ರ ನಿನ್ನ ಮುನಿಗಳು ಏನಂತಾರ?"

ಪಾರೀಸ ಅವನ ಮುಖವನ್ನೇ ನೋಡಿದ. ಮಹಾರಾಜರು ಏನನ್ನುತ್ತಾರೋ ಗೊತ್ತಿರಲಿಲ್ಲ. ಆದರೆ ಗಿಡ ಬದುಕಿರುತ್ತದೆ, ಬೇರು ಮಣ್ಣಿನಲ್ಲಿರುತ್ತದೆ. "ಬೇರ ಹರೀದಂಗ ಆಗತೈತೇನ್ರಿ?"

"ಹೇಳಾಕ ಬರೂದಿಲ್ಲ. ಕಲ್ಲು ಹೆಂಗ ಮನಸ ಮಾಡತೈತೋ ಹಂಗ."

ಹನ್ನೆರಡು ದಾಟಿತ್ತು. ಮೊದಲ ಕಲ್ಲಿಗೆ ನೆಟ್ಟ ಕಾಯಿಯ ಗಿಡ ಆರಿಸಿದರು. ಯಮನಪ್ಪ ಚಾಣ ಹಿಡಿದ, ದುರ್ಗವ್ವ ಸುತ್ತಿಗೆ ಬೀಸಿದಳು. ಪ್ರತಿ ಏಟಿಗೂ ಗಿಡ ನಡುಗುತ್ತಿತ್ತು. ಪಾರೀಸ ಬಂಡೆಗೆ ಕಿವಿಹಚ್ಚಿ ಮಲಗಿದ್ದ. ಒಳಗೆ ಬಿರುಕು ಯಾವ ಕಡೆ ಓಡುತ್ತಿದೆಯೆಂದು ಸದ್ದಿನ ಮೇಲೆ ತಿಳಿಯುತ್ತದೆಂದು ಯಮನಪ್ಪ ಹೇಳಿದ್ದ. ಟಣ್ ಎನ್ನುತ್ತಿದ್ದುದು ಒಮ್ಮೆಲೇ ಡಬ್ ಎಂದಿತು. "ಬಿಡು," ಎಂದ ಯಮನಪ್ಪ. ಹಾರೆ ಒಳಗೆ ಹೋಯಿತು. ಚಪ್ಪಡಿ ಎರಡು ಬೆರಳು ಎದ್ದಿತು. ಕೆಳಗೆ ಕತ್ತಲಲ್ಲಿ ಎಳೆಯಂಥ ಬೇರೊಂದು ಎರಡು ಕಲ್ಲಿನ ನಡುವೆ ತಂತಿಯ ಹಾಗೆ ಬಿಗಿದು ನಿಂತಿತ್ತು.

"ನಿಲ್ಲಸ್ರಿ," ಎಂದ ಪಾರೀಸ. ಕಿರುಬೆರಳನ್ನು ಒಳಗೆ ತೂರಿಸಿ ಕೆಳಗಿನ ಹಿಡಿ ಮಣ್ಣನ್ನು ಸಡಿಲಿಸಿದ. ಬೇರು ಮಣ್ಣಿನೊಡನೆ ಮೆಲ್ಲಗೆ ಮೇಲೆ ಬಂತು. ಹರಿಯಲಿಲ್ಲ. ಒದ್ದೆ ಪತ್ರಿಕೆ ಸುತ್ತಿ ಚಪ್ಪಡಿಯನ್ನು ಗೋಣಿಯೊಳಗಿಟ್ಟ.

ಎರಡನೆಯ ಕಲ್ಲು, ಚಾಚಿದ ಕಾಯಿಯದು, ಎರಡು ಸಲ ಪುಡಿಯಾಗಿ ಮೂರನೆಯ ಪ್ರಯತ್ನಕ್ಕೆ ಸಿಕ್ಕಿತು. ಪುಡಿಯಲ್ಲಿ ಬೇರು ಹರಿದು ಬಿದ್ದ ಎರಡು ಗಿಡಗಳನ್ನು ಪಾರೀಸ ಮುಟ್ಟಲಿಲ್ಲ. ಅಷ್ಟೊತ್ತಿಗೆ ಒಂದೂ ಕಾಲು. ತಾನಾಜಿ ಎದ್ದು ಧೋತರ ಕೊಡವಿಕೊಳ್ಳುತ್ತಿದ್ದ.

ಉಳಿದದ್ದು ಬಾಗಿದ ಕಾಯಿಯದು. ಒಳ್ಳೆಯ ಗಿಡ ಇದ್ದದ್ದು ಸುರಂಗದ ತೂತಿಗೆ ನಾಲ್ಕು ಹೆಜ್ಜೆಯಲ್ಲಿ.

"ಅಲ್ಲಿ ನಾ ಬರಾಂಗಿಲ್ಲ," ಎಂದ ಯಮನಪ್ಪ. "ಮದ್ದು ತುಂಬೇತಿ. ಹತ್ರ ಚಾಣ ಹೊಡದ್ರ ಸುಮ್ಮನ ಇರತೈತಿ ಅಂತ ಹೇಳಾಕ ಆಗೂದಿಲ್ಲ."

"ಎರಡ ಸಿಕ್ಕಾವಲ್ಲ, ಸಾಕ ಬಿಡೋ," ಎಂದಳು ದುರ್ಗವ್ವ. "ಮೂರನೇದು ಸುರಂಗಕ್ಕ ಹೋತು ಅಂತ ಹೇಳು. ಯಾರ ಬಂದು ನೋಡತಾರ?"

ಅವಳು ಸುಮ್ಮನೆ ಆಡಿದ ಮಾತು. ಆದರೆ ಪಾರೀಸ ಅದಕ್ಕೇ ಜೋತುಬಿದ್ದ. ಹೌದು, ಯಾರು ಬಂದು ನೋಡುತ್ತಾರೆ? ಎರಡು ಕಲ್ಲು ಕಳಿಸಿದರೆ ಎರಡರ ಬುಡ ಬೇರೆ ಬೇರೆ ಇರುವುದನ್ನು ಪಂಡಿತರು ಕಣ್ಣಾರೆ ನೋಡುತ್ತಾರೆ. ಅಷ್ಟಕ್ಕೇ ಮೂರನೆಯದನ್ನೂ ನಂಬಬಹುದು. ಬಂಡೆ ಇರುವುದಿಲ್ಲ, ಸಾಕ್ಷಿ ಇರುವುದಿಲ್ಲ. ಕೆಲಸ ಕಾಯಂ. ನೇಮಕ್ಕೂ ಊನವಿಲ್ಲ. ಯಾವ ಗಿಡವನ್ನೂ ಅವನು ಕೈಯಾರೆ ಕಿತ್ತಿರಲಿಲ್ಲ.

ಗೋಣಿಯನ್ನು ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ಇಳಿದ. ಹೆಗಲ ಮೇಲಿನ ಭಾರ ನಿಜಕ್ಕೂ ಅಷ್ಟೇನೂ ಇರಲಿಲ್ಲ. ಮತ್ತೆ ಗೋಣಿ ಇಳಿಸಿ, "ಮಾಮಾ, ನಿಮ್ಮ ಹಾರಿ ಒಂದೀಟು ಕೊಡ್ರಿ. ಚಾಣ ಬ್ಯಾಡ," ಎಂದ.

"ಏ, ಹುಚ್ಚಗಿಚ್ಚ ಹಿಡದೈತೇನೋ ನಿನಗ?" ಎಂದ ಯಮನಪ್ಪ.

ಪಾರೀಸ ಹಾರೆ ಎತ್ತಿಕೊಂಡು ಹೋಗಿ, ಗಿಡದ ಪಕ್ಕದ ಹಳೆಯ ಬಿರುಕಿನಲ್ಲಿ ಅದರ ತುದಿಯನ್ನು ಸದ್ದಾಗದಂತೆ ಇಳಿಸಿದ. ಮೈಭಾರ ಬಿಟ್ಟು ಒತ್ತಿದ. ಕಲ್ಲು ಮಿಸುಕಲಿಲ್ಲ. ಇನ್ನೊಂದು ಕಡೆಯಿಂದ ಒತ್ತಿದ. ಬೆವರು ಕಣ್ಣಿಗಿಳಿಯಿತು. ಕೆಳಗಿನಿಂದ ಶಿಳ್ಳೆ ಕೇಳಿತು, ಉದ್ದಕ್ಕೆ ಒಮ್ಮೆ. ಆಳುಗಳು ಬುಟ್ಟಿ ಸಲಿಕೆ ಎತ್ತಿಕೊಂಡು ಇಳಿಯತೊಡಗಿದರು. ತಾನಾಜಿ ಮರಾಠಿಯಲ್ಲಿ ಅವನ ಹಿರಿಯರನ್ನೆಲ್ಲ ನೆನೆಯುತ್ತಿದ್ದ.

ಹಾರೆಯ ಹಿಡಿಯ ಮೇಲೆ ಇನ್ನೆರಡು ಕೈ ಬಂದವು. ದುರ್ಗವ್ವ. "ಒತ್ತು," ಎಂದಳು. ಇಬ್ಬರೂ ಒತ್ತಿದರು. ಕಲ್ಲು ನಿಟ್ಟುಸಿರಿನಂಥ ಸದ್ದು ಮಾಡಿ ಎದ್ದಿತು. ಬೇರು ನೋಡಲು, ಮಣ್ಣು ಸಡಿಲಿಸಲು ಹೊತ್ತಿರಲಿಲ್ಲ. ಚಪ್ಪಡಿಯನ್ನು ಮಗುವಿನ ಹಾಗೆ ಎದೆಗವಚಿ ಪಾರೀಸ ಓಡಿದ. ಹಾರೆ ಹೊತ್ತು ಬೈಯುತ್ತ ಅವನ ಹಿಂದೆ ದುರ್ಗವ್ವ. ಗೋಣಿ ಹಲಗೆಗಳನ್ನು ಹೊತ್ತು ಯಮನಪ್ಪ ಆಗಲೇ ಕೆಳಗೆ ಇಳಿದಿದ್ದ.

ಬೇವಿನ ಗಿಡದ ಮರೆಯಲ್ಲಿ ಕುಳಿತು ನೋಡಿದಾಗ ಬೇರಿನ ತುದಿ ಬೆರಳುದ್ದ ಹೊರಗೆ ಬಂದು ನೇತಾಡುತ್ತಿತ್ತು, ಹರಿದಿರಲಿಲ್ಲ. ಅವನು ಅದನ್ನು ಒದ್ದೆ ಮಣ್ಣಿನಿಂದ ಮುಚ್ಚಿದ. ಆಮೇಲೆ ನೆಲ ಒಮ್ಮೆ ಅಲುಗಿತು. ಧೂಳು ಅಡಗಿದ ಮೇಲೆ ನೋಡಿದರೆ ಹಾಸುಬಂಡೆಯ ಜಾಗದಲ್ಲಿ ಕರಿಕಲ್ಲಿನ ರಾಶಿ.

"ಇಷ್ಟಕ್ಕ ಸಾಯತಿದ್ದೆಲ್ಲೋ. ಅದರಾಗ ಅಂಥಾದ್ದೇನೈತಿ?" ಎಂದು ಕೇಳಿದಳು ದುರ್ಗವ್ವ.

"ಏನಿಲ್ಲಕ್ಕಾ. ಎರಡನೇದೂ ಇದೂ ಒಂದs ಅಂತ ತೋರಸಾಕ."

ದುರ್ಗವ್ವ ಗಂಡನ ಮುಖ ನೋಡಿದಳು. "ಒಂದs ಇದ್ದದ್ದು ಎರಡ ಯಾಕ ಹೊತ್ತಿ?"

ಕೊಲ್ಹಾಪುರದ ಸುಂಕ ವಸೂಲಿಯ ಜಕಾತಿ ನಾಕೆಯಲ್ಲಿ ಬಸ್ಸು ನಿಂತಾಗ ಹೊತ್ತು ಮುಳುಗಲು ಬಂದಿತ್ತು. ನಾಕೆಯ ಸಿಪಾಯಿ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಒಳಗೆ ಬಂದ. ಸಂಶಯ ಬಂದ ಮೂಟೆಗೆಲ್ಲ ಅದನ್ನು ತಿವಿದು ನೋಡುವುದು ಅವನ ರೂಢಿ. ಮುಂದಿನ ಸೀಟಿನ ಬೆಲ್ಲದ ಪೆಂಟೆಗೆ ತಿವಿದ, ಮೆಣಸಿನಕಾಯಿಯ ಚೀಲಕ್ಕೆ ತಿವಿದ. ನೀರು ಜಿನುಗುತ್ತಿದ್ದ ಗೋಣಿಯ ಮೇಲೆ ಅವನ ಕಣ್ಣು ನೆಟ್ಟಿತು.

"ಕಾಯ ಆಹೇ?" ಏನಿದೆ ಎಂದು ಕೇಳಿದ.

"ದಗಡ," ಎಂದ ಪಾರೀಸ. ಕಲ್ಲು.

ಸಿಪಾಯಿ ನಕ್ಕು ಸಲಾಕೆ ಎತ್ತಿದ. ಪಾರೀಸ ಗೋಣಿಯ ಮೇಲೆ ಅಂಗೈ ಹರಡಿ ಹಿಡಿದ. ಕೈಗೆ ತಿವಿಯುವುದೋ ಬಿಡುವುದೋ ಎಂದು ಸಲಾಕೆ ಗಾಳಿಯಲ್ಲಿ ನಿಂತಿತು. ಬಸ್ಸಿನವರೆಲ್ಲ ಕತ್ತು ಹೊರಳಿಸಿದರು. ಪಾರೀಸ ಇನ್ನೊಂದು ಕೈಯಿಂದ ಬಾಯಿಹಗ್ಗ ಬಿಚ್ಚಿ, ಒಂದೊಂದೇ ಕಲ್ಲನ್ನು ತೊಡೆಯ ಮೇಲಿಟ್ಟು ಪತ್ರಿಕೆ ಬಿಡಿಸಿದ. ಸಿಪಾಯಿ ಕಾರಕೂನನನ್ನು ಕರೆದ. ಕಾರಕೂನ ಕನ್ನಡಕ ಏರಿಸಿ ಕಲ್ಲನ್ನೂ ಗಿಡವನ್ನೂ ಪಾರೀಸನನ್ನೂ ನೋಡಿ, ಕಲ್ಲಿಗೆ ದರವಿದೆ, ಗಿಡಕ್ಕೆ ದರವಿದೆ, ಗಿಡ ಹುಟ್ಟಿದ ಕಲ್ಲಿಗೆ ತನ್ನ ಪುಸ್ತಕದಲ್ಲಿ ದರ ಬರೆದಿಲ್ಲ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟ. ಬಸ್ಸು ಬಿಟ್ಟಿತು. ಪಾರೀಸನ ಅಂಗೈ ಗೋಣಿಯ ಮೇಲೆ ಹಾಗೆಯೇ ಇತ್ತು.

ದಾದಾಸಾಹೇಬರು ಮನೆಯ ಪಡಸಾಲೆಯಲ್ಲಿ ಕಾಯುತ್ತಿದ್ದರು. ಅವರೂ ಜೈನರೇ, ದೀಪ ಹಚ್ಚುವ ಮೊದಲೇ ಅವರ ಊಟ ಮುಗಿದಿತ್ತು. ಮೂರು ಕಲ್ಲನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಅವರ ಮುಖ ಅರಳಿತು. "ಜೀವಂತ ತಂದೀ," ಎಂದರು. "ಮೂರೂ ತಂದೀ."

"ಸರ್, ಬುಡಾ ನೋಡ್ರಿ."

ಅವರು ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು. ಮೊದಲನೆಯದು, ಎರಡನೆಯದು. ತಲೆ ಆಡಿಸಿದರು. ಮೂರನೆಯದರ ಮೇಲೆ ಬಗ್ಗಿದವರು ಏಳಲಿಲ್ಲ. ಅವರ ಉಬ್ಬಸದ ಸಿಳ್ಳು ಮಾತ್ರ ಕೇಳುತ್ತಿತ್ತು. ಎರಡನೆಯದಕ್ಕೆ ಹೋದರು, ಮೂರನೆಯದಕ್ಕೆ ಬಂದರು, ಮತ್ತೆ ಎರಡನೆಯದಕ್ಕೆ ಹೋದರು.

"ನಿನಗ ಅಲ್ಲೇ ಗೊತ್ತಾಗಿತ್ತು?"

"ಹೌದ್ರಿ."

"ಹಾಸುಬಂಡಿ?"

"ಹೋತ್ರಿ. ಎರಡಕ್ಕ ಹಾರಿಸಿದ್ರು."

ಸರ್ ಕುರ್ಚಿಗೆ ಒರಗಿದರು. "ಹಂಗಾರ ಇದನ್ನ ತರಬಾರದಾಗಿತ್ತು," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಹಾಕುವವರ ಹಾಗೆ ಹೇಳಿದರು. ಪಾರೀಸ ಗೋಡೆಗೆ ಆನಿಕೊಂಡು ನಿಂತಿದ್ದ. ಅವರು ಮೂರನೆಯ ಕಲ್ಲನ್ನು ಕೈಯಿಂದ ಮೇಜಿನ ಅಂಚಿಗೆ ಸರಿಸಿದರು. ಇನ್ನೊಂದಿಷ್ಟು ಸರಿಸಿದರೆ ಬೀಳುತ್ತಿತ್ತು. ಪಾರೀಸ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

ಕೊನೆಗೆ ಸರ್ ಮೂರನೆಯ ಕಲ್ಲನ್ನು ಮರಳಿ ಎಳೆದು ಎರಡನೆಯದರ ಪಕ್ಕಕ್ಕೆ ತಾಗಿಸಿ ಇಟ್ಟರು.

"ನಲವತ್ತು ಹಾಳಿ, ಪಾರೀಸ. ಒಂದರಾಗೂ ಬೇರು ಇರಲಿಲ್ಲ. ನೀ ನೇಮದಾಗಿದ್ದಿ, ಆತು. ನಾ ಅವನ್ನ ದಿನಾ ನೋಡತಿದ್ದೆ. ನಮ್ಮ ಮನ್ಯಾಗ ಗಡ್ಡಿ ಗೆಣಸು ಹೊಸ್ತಲಾ ದಾಟಿಲ್ಲ. ಬೇರು ಕಾಣದಿದ್ರ ಏನರ ಕಡಿಮಿ ಐತಿ ಅಂತ ನನಗ ಅನಸಲೇ ಇಲ್ಲ. ಪುಣೇದವರಿಗೆ ಒಂದ ನಿಮಿಷಕ್ಕ ಕಂಡತು." ಲೇಖನದ ಪ್ರತಿ ತೆಗೆದು, ಪೆನ್ನಿನಿಂದ ಮೂರನೆಯ ಹೆಸರಿನ ಮೇಲೆ ಗೆರೆ ಎಳೆದರು. "ನಾಳೆ ಮೂರೂ ಕಲ್ಲು ಪುಣೇಕ್ಕ ನೀನs ಒಯ್ಯಿ. ಪಾರ್ಸಲ್ ಮಾಡಿದರ ಒಡೀತಾವ. ಏನ ಕೇಳತಾರ, ಖರೇ ಹೇಳು."

ಅವನು ಒಯ್ದ, ಹೇಳಿದ. ಪಂಡಿತರು ಎರಡು ಕಲ್ಲನ್ನು ತಮ್ಮಲ್ಲಿ ಇರಿಸಿಕೊಂಡು ಮೂರನೆಯದನ್ನು ಅವನಿಗೇ ಮರಳಿಸಿದರು. ಹದಿನೈದು ದಿನದ ಮೇಲೆ ಬಂದ ಪತ್ರದಲ್ಲಿ ಎರಡು ಜಾತಿಗಳನ್ನು ಒಪ್ಪಿದ್ದರು. ಪ್ರಾಚಾರ್ಯರು ಮಾತ್ರ, ಹೇಳಿದ್ದು ಮೂರು, ಬಂದದ್ದು ಎರಡು ಎಂದು ತಕರಾರು ತೆಗೆದು ಕೆಲಸವನ್ನು ಕಾಯಂ ಮಾಡದೆ ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಮಂಗಲಳ ಅಣ್ಣಂದಿರಿಗೆ, ಮಗ್ಗದ ಜಾಗ ಬೇರೆಯವರಿಗೆ ಕೊಡಿ ಎಂದು ಪಾರೀಸ ಕಾರ್ಡು ಬರೆದ.

ಅಷ್ಟರಲ್ಲಿ ದೀಪಾವಳಿ ಕಳೆದಿತ್ತು, ನೇಮವೂ ಮುಗಿದಿತ್ತು. ಕಾಲೇಜಿನ ಕಿಟಕಿಯಲ್ಲಿಟ್ಟಿದ್ದ ಮೂರನೆಯ ಕಲ್ಲಿನ ಗಿಡ ತಾನಾಗಿ ಒಣಗಿತ್ತು. ಕಾಯಿ ಒಡೆದು ಬೀಜ ಕಲ್ಲಿನ ಮೇಲೆ ಚೆಲ್ಲಿದ್ದವು. ಪಾರೀಸ ಬೀಜಗಳನ್ನು ಮೊದಲು ಕಾಗದದಲ್ಲಿ ಕಟ್ಟಿಟ್ಟ. ಆಮೇಲೆ ಬುಡಕ್ಕೆ ಬೆರಳು ಹಾಕಿದ. ಎಳೆಯಬೇಕಾಗಲಿಲ್ಲ, ಬೇರು ತುದಿಯವರೆಗೂ ಅವನ ಕೈಗೆ ಬಂತು. ಅದನ್ನು ಹಾಳೆಯ ಮೇಲೆ ಉದ್ದಕ್ಕೆ ಮಲಗಿಸಿ, ಚೀಟಿಯಲ್ಲಿ ಎರಡನೆಯ ಜಾತಿಯ ಹೆಸರು ಬರೆದು, ಅಂಟು ಹಚ್ಚಿದ.